ಗೂಬೆಮರಿ ಎಂದು ಮೊದಲು ಕರೆದವಳು

ಬೆಸಗರಹಳ್ಳಿಯ ಪುಟ್ಟಮಾದಮ್ಮ ಯಾರಿಗಾದರೂ ಅಡ್ಡಹೆಸರು ಇಟ್ಟಳೆಂದರೆ ಮುಗಿಯಿತು, ಆಧಾರ್ ಕಾರ್ಡಿನ ಹೆಸರು ಅದರ ಮುಂದೆ ಕೈಕಟ್ಟಿ ನಿಲ್ಲಬೇಕು. ಆಕೆ 'ತೂಕಡಿಕೆ' ಎಂದು ಕರೆದ ಪೋಸ್ಟ್‌ಮನ್ನಿನ ಲಗ್ನಪತ್ರಿಕೆ ಅದೇ ಹೆಸರಲ್ಲಿ ಅಚ್ಚಾಗಿ, ಹೆಣ್ಣಿನ ಕಡೆಯವರು ಅದನ್ನೇ ಮನೆದೇವರ ಹೆಸರೆಂದು ತಿಳಿದು ಕೈಮುಗಿದರು. ಸುಳ್ಳು ಎನ್ನುವವರು ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಬೇಕಾದರೂ ಕೇಳಲಿ.

ಇಂಥವಳಿಗೆ ಮೊಮ್ಮಗಳು ಹುಟ್ಟಿದಳು. ಹುಟ್ಟಿದ ದಿನ ಆಸ್ಪತ್ರೆಯ ಟ್ಯೂಬ್‌ಲೈಟುಗಳು ಆ ಮಗುವಿನ ಎರಡು ಕಣ್ಣು ಕಂಡು ನಾಚಿಕೊಂಡು ಆರಿಹೋದವು. ನೋಡಲು ಬಂದವರು "ಎಷ್ಟ್ ಚೆಂದವಾಗವ್ಳೆ" ಎಂದದ್ದೇ ತಡ, ಪುಟ್ಟಮಾದಮ್ಮನ ಎದೆ ಝಲ್ಲೆಂದಿತು. ದೃಷ್ಟಿ ತಾಕಿಬಿಟ್ಟರೆ? ಚೆಂದದ ಮಗುವನ್ನು ಕೆಟ್ಟ ಹೆಸರಿಂದ ಕರೆದರೆ ಕೆಟ್ಟ ಕಣ್ಣು ಹತ್ತಿರ ಸುಳಿಯುವುದಿಲ್ಲ ಎಂದು ಅವಳ ತಾಯಿಯೂ ನಂಬಿದ್ದಳು, ತಾಯಿಯ ತಾಯಿಯೂ ನಂಬಿದ್ದಳು.

"ಥೂ, ಚೆಂದ ಎಲ್ ಬಂತು? ಗೂಬೆಮರಿ ಇದ್ದಂಗವ್ಳೆ" ಎಂದು ಬಗ್ಗಿ ಮುತ್ತಿಟ್ಟಳು.

ದಾಖಲೆಯಲ್ಲಿ ಮಗು ಚಂದನ. ಅಜ್ಜಿಯ ಬಾಯಲ್ಲಿ ಜ್ವರ ಬಂದರೆ ಗೂಬೆಮರಿ, ತಲೆಗೆ ಎಣ್ಣೆ ಹಚ್ಚುವಾಗ ಗೂಬೆಮರಿ, ಮುದ್ದೆಗೆ ತುಪ್ಪ ಹಾಕುವಾಗಲಂತೂ ಎರಡೆರಡು ಸಲ ಗೂಬೆಮರಿ.

ಚಂದನ ಹತ್ತನೇ ತರಗತಿಗೆ ಬಂದಳು. ಸ್ಕೂಲು ಮದ್ದೂರಿನಲ್ಲಿ. ಅವಳ ಅವ್ವ ಬೆಳಕು ಹರಿಯುವ ಮೊದಲೇ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದರಿಂದ, ಮಗಳನ್ನು ಎಂಟರ ಬಸ್ಸಿಗೆ ಕಳಿಸುವ ಕೆಲಸ ಅಜ್ಜಿಯದು. ಒಂದು ದಿನ ಹುಡುಗಿ ಊಟದ ಡಬ್ಬಿ ಮರೆತಳು. ಪುಟ್ಟಮಾದಮ್ಮ ಹೊರಟ ಬಸ್ಸಿನ ಹಿಂದೆಯೇ ಓಡಿದಳು. "ಲೇ ಗೂಬೆಮರೀ, ಡಬ್ಬಿ ಬುಟ್ಬುಟ್ಟೆ ಕಣೇ!" ಮಂಡ್ಯದವರೆಗೂ ಕೇಳಿಸಿತಂತೆ. ಅಷ್ಟು ದೂರ ಯಾಕೆ, ಹಿಂದಿನ ಸೀಟಿನಲ್ಲಿ ಫೋನು ಹಿಡಿದು ಕೂತಿದ್ದ ಸಹಪಾಠಿ ರಘುನಂದನನಿಗೆ ಕೇಳಿಸಿತು. ಅವನು ವಿಡಿಯೊ ಮಾಡಿಕೊಂಡ.

ಮಧ್ಯಾಹ್ನದೊಳಗೆ ಅದು ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಿತ್ತು. ಮರುದಿನ ಸ್ಟಿಕ್ಕರು ಬಂತು: ಗೂಬೆಯ ಮೈ, ಚಂದನಳ ಮುಖ. ಆಮೇಲೆ ದಿನಕ್ಕೊಂದು. ಬಸ್ಸಿನಲ್ಲಿ ಅವಳು ಕಾಲಿಟ್ಟ ಕೂಡಲೇ ಹಿಂದಿನ ಸೀಟುಗಳಿಂದ "ಗೂ... ಗೂ..." ಎಂದು ಶುರುವಾಗುತ್ತಿತ್ತು.

ಅಜ್ಜಿಗೆ ಇದೊಂದೂ ತಿಳಿಯದು. ಹುಡುಗಿ ಮೂರು ದಿನ ಹೊಟ್ಟೆನೋವು ಎಂದಳು, ಅಜ್ಜಿ ಮೂರು ಕೊಳಗ ಓಮಿನ ಕಷಾಯ ಕುಡಿಸಿದಳು. ನಾಲ್ಕನೆಯ ದಿನ ಚಂದನ ಗೋಡೆಗೆ ಮುಖ ಮಾಡಿ ಹೇಳಿದಳು:

"ನಾನಿನ್ನು ಸ್ಕೂಲ್ಗೆ ಓಗಕ್ಕಿಲ್ಲ ಅಜ್ಜಿ. ಪರೀಕ್ಷೆನೂ ಬರಿಯಕ್ಕಿಲ್ಲ."

"ಯಾಕವ್ವ?"

"ಬಸ್ಸಲ್ಲಿ ಗೂಬೆ ತರ ಕೂಗ್ತಾರೆ."

ಮರುದಿನ ಪುಟ್ಟಮಾದಮ್ಮ ಸೆರಗು ಬಿಗಿದು ತಾನೊಬ್ಬಳೇ ಎಂಟರ ಬಸ್ಸು ಹತ್ತಿದಳು. "ಯಾವನ್ಲಾ ಅವ್ನು, ನನ್ ಮೊಮ್ಮಗೀನ ಗೂಬೆ ಅಂದೋನು? ನಿಮ್ ನಾಲ್ಗೇಲಿ ಉಳ ಬೀಳ!" ಮುಂದಿನದನ್ನು ಬರೆದರೆ ಕಾಗದ ಸುಟ್ಟು ಕರಕಲಾದೀತು. ಡ್ರೈವರ್ ಗೇರು ಮರೆತ. ರಸ್ತೆಬದಿಯ ಕಬ್ಬು ಎರಡು ಮೈಲಿವರೆಗೆ ಕಹಿಯಾಯಿತು. ಮಕ್ಕಳೆಲ್ಲ ತಲೆ ತಗ್ಗಿಸಿ ಕೂತವು, ತಗ್ಗಿಸಿದ ತಲೆಗಳ ಪಕ್ಕದಲ್ಲಿ ಫೋನುಗಳು ಮಾತ್ರ ಎದ್ದು ನಿಂತಿದ್ದವು.

ಗೆದ್ದೆನೆಂದು ಮನೆಗೆ ಬಂದಳು. "ಒಬ್ನೂ ಉಸ್ರು ಬುಡ್ಲಿಲ್ಲ ಕಣವ್ವ!"

ಚಂದನ ಫೋನು ಚಾಚಿದಳು. ಅಜ್ಜಿಯ ಬೈಗುಳ ಅಜ್ಜಿಗಿಂತ ಮೊದಲೇ ಮನೆ ತಲುಪಿತ್ತು. ಪರದೆಯ ಮೇಲೆ ಅವಳದೇ ತೆರೆದ ಬಾಯಿ, ಅದಕ್ಕೊಂದು ಕೊಕ್ಕು, ಕೆಳಗೆ ನಗುವ ಮುಖಗಳ ಸಾಲು. "ಇನ್ನೂ ಜಾಸ್ತಿ ಮಾಡ್ಬುಟ್ಟೆ ಅಜ್ಜಿ" ಎನ್ನುತ್ತ ಹುಡುಗಿ ಅತ್ತಳು. ಅವಳ ಬೆರಳು ಜಾರಿ ಹಳೆಯ ವಿಡಿಯೊ ಒಂದು ಓಡತೊಡಗಿತು. ಲೇ ಗೂಬೆಮರೀ, ಡಬ್ಬಿ ಬುಟ್ಬುಟ್ಟೆ ಕಣೇ.

ಪುಟ್ಟಮಾದಮ್ಮ ಫೋನನ್ನು ಕಿವಿಗೆ ಹತ್ತಿರ ತಂದಳು.

"ಇದು ನನ್ ದನಿ ಅಲ್ವಾ?"

"ಊಂ."

"ಅಂಗಾದ್ರೆ ಈ ಎಸ್ರು ಅವ್ರು ಕಟ್ಟಿದ್ದಲ್ಲ."

ಚಂದನ ಫೋನು ಕಿತ್ತುಕೊಂಡು ಆರಿಸಿದಳು.

"ಮೊದ್ಲೇ ಯಾಕೆ ಏಳ್ನಿಲ್ಲ?"

"ನೀನ್ ನೊಂದ್ಕತೀಯ ಅಂತ."

ಆ ಮಧ್ಯಾಹ್ನ ಪುಟ್ಟಮಾದಮ್ಮನ ಬಾಯಿ ಮುಚ್ಚಿತ್ತು. ಬೀದಿಯ ನಾಯಿಗಳು ಗಾಬರಿಗೊಂಡು ಬಾಗಿಲಲ್ಲಿ ಸೇರಿದವು. ಏನೋ ಆಗಬಾರದ್ದು ಆಗಿದೆ ಎಂದು ಪಕ್ಕದ ಮನೆಯ ಅಂಕಮ್ಮ ಎಳನೀರು ಹಿಡಿದು ಬಂದಳು. ಸಂಜೆ ಅಜ್ಜಿ ಮೊಮ್ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡಳು.

"ನಾನೇನ್ ಮಾಡ್ಲವ್ವ? ನೀನೇ ಏಳು." ಅರವತ್ತೆಂಟು ವರ್ಷದಲ್ಲಿ ಆಕೆ ಇನ್ನೊಬ್ಬರನ್ನು ಹೀಗೆ ಕೇಳಿದ್ದು ಅದೇ ಮೊದಲು.

"ಬಯ್ಬೇಡ. ಮೇಡಂ ತಾವಕ್ಕೆ ಬಾ. ನಾನೇ ತೋರುಸ್ತೀನಿ. ಎಲ್ಲಾದ್ರದ್ದೂ ಸ್ಕ್ರೀನ್‌ಶಾಟ್ ಮಡಗಿವ್ನಿ. ನೀನು ಪಕ್ದಲ್ಲಿ ನಿಂತಿರು, ಸಾಕು."

ಮರುದಿನ ಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿ ವೀಣ ಮೇಡಂ ಒಂದೊಂದೇ ಚಿತ್ರ ನೋಡಿದರು, ಒಂದಕ್ಕೂ ನಗಲಿಲ್ಲ. ರಘುನಂದನನನ್ನೂ ಅವನಪ್ಪ ನಾಗರಾಜುವನ್ನೂ ಕರೆಸಿದರು. ನಾಗರಾಜು ಕೂತವನೇ ಕೈಯಾಡಿಸಿದ.

"ಮಕ್ಳಾಟ ಮೇಡಂ. ಇವ್ರಜ್ಜೀನೇ ನಡುಬೀದೀಲಿ ಅಂಗೆ ಕರೀತಾಳಂತೆ. ನನ್ ಮಗ ಏನ್ ಒಸಾ ಎಸ್ರು ಇಟ್ನಾ?"

ಪುಟ್ಟಮಾದಮ್ಮನ ಗಂಟಲಲ್ಲಿ ಒಂಬತ್ತು ಸಾವಿರ ಬೈಗುಳ ಸಾಲುಗಟ್ಟಿ ನಿಂತವು. ಪಕ್ಕದಲ್ಲಿ ಮೊಮ್ಮಗಳು ಅವಳ ಸೆರಗು ಹಿಡಿದು ಜಗ್ಗಿದಳು. ಅಜ್ಜಿ ಒಂಬತ್ತು ಸಾವಿರವನ್ನೂ ನುಂಗಿದಳು.

"ದಿಟ ಕಣಪ್ಪ. ಎಸ್ರು ನಂದೇ. ಬರ್ಕಳದಾದ್ರೆ ಮೊದ್ಲು ನನ್ ತಪ್ಪು ಬರ್ಕಳಿ ಮೇಡಂ." ಆಮೇಲೆ ಚಂದನಳ ಕಡೆ ತಿರುಗಿ ಕೈಮುಗಿದಳು. "ತಪ್ಪಾಯ್ತು ಕಣವ್ವ. ದೃಷ್ಟಿ ಆಗ್ಬಾರ್ದು ಅಂತ ಇಟ್ಟೆ. ಅದ್ನ ಬೀದೀಗ್ ತಂದೋಳೂ ನಾನೇ."

ಚಂದನ ಗಾಬರಿಯಿಂದ ಆ ಕೈಗಳನ್ನು ಹಿಡಿದು ಇಳಿಸಿದಳು. ತಿಂಗಳಿಂದ ಸ್ಕೂಲಿನಲ್ಲಿ ಬಾಯಿಬಿಡದ ಹುಡುಗಿ ನಾಗರಾಜುವನ್ನು ನೇರ ನೋಡಿ ಹೇಳಿದಳು:

"ಅಜ್ಜಿ ಅಂಗ್ ಕರುದ್ರೆ ಓಡ್ ಬತ್ತಿದ್ದೆ ಅಂಕಲ್. ಇವ್ರು ಕರುದ್ರೆ ಎಲ್ಲಾರ ಓಡೋಗ್ಬುಡನಾ ಅನ್ಸುತ್ತೆ."

ರಘುನಂದನ ಬೈಗುಳಕ್ಕೆ ಉತ್ತರ ಸಿದ್ಧಮಾಡಿಕೊಂಡಿದ್ದ, ಸಸ್ಪೆಂಡ್ ಮಾಡಿದರೆ ಏನನ್ನಬೇಕೆಂದೂ ಯೋಚಿಸಿದ್ದ. ಅದೆಲ್ಲ ಬಿಟ್ಟು ಮೇಡಂ ಮೇಜಿನ ಹತ್ತಿರ ಬಂದ.

"ಅಜ್ಜಿ ಏನೂ ಮಾಡಿಲ್ಲ ಮೇಡಂ" ಎಂದ, ಬೂಟು ನೋಡುತ್ತ. "ಸ್ಟಿಕ್ಕರ್ ಎಲ್ಲಾ ನಾನೇ ಮಾಡಿದ್ದು. ಮೊದ್ಲು ಕಳ್ಸಿದ್ದಕ್ಕೆ ಕ್ಲಾಸೆಲ್ಲ ನಗಾಡ್ತು, ಅದ್ಕೇ ದಿನಾ ಮಾಡ್ದೆ."

"ಲೇ!" ಎಂದ ನಾಗರಾಜು.

ವೀಣ ಮೇಡಂ ತಮ್ಮೆದುರೇ ರಘುನಂದನನಿಂದ ಎಲ್ಲ ಅಳಿಸಿ ಗ್ರೂಪು ಮುಚ್ಚಿಸಿದರು. ಶನಿವಾರ ಎಲ್ಲ ಪೋಷಕರೂ ಬರಬೇಕೆಂದರು. ಚಂದನಳಿಗೆ ಮಾತ್ರ ಸುಳ್ಳು ಹೇಳಲಿಲ್ಲ. "ಬೇರೆಯವರ ಫೋನಿಗೆ ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳಲಾರೆ ಕಣಮ್ಮ. ಆದರೆ ಇನ್ನೊಂದು ಬಂದರೆ ಒಬ್ಬಳೇ ನೋಡಿಕೊಂಡು ಕೂರಬೇಡ. ಅವತ್ತೇ ನನಗೆ ತೋರಿಸು."

ಹೊರಗೆ ಬಂದಾಗ ಅಜ್ಜಿ ಮೆಲ್ಲಗೆ ಕೇಳಿದಳು: "ಇನ್ಮ್ಯಾಕೆ ಏನಂತ ಕರೀಲವ್ವ ನಿನ್ನ?"

ಚಂದನ ಮೂಗು ಒರೆಸಿಕೊಂಡು ಯೋಚಿಸಿದಳು. "ಮನೇಲಿ ಅಂಗೇ ಕರಿ. ಮನೇಲಿ ಮಾತ್ರ."

ಕ್ಲಾಸಿನ ಬಾಗಿಲಿಗೆ ಬಂದು ಹುಡುಗಿ ನಿಂತುಬಿಟ್ಟಳು. ಒಳಗೆ ಗಣಿತದ ಪಾಠ. ನಲವತ್ತು ತಲೆಗಳು ತಿರುಗಿದವು. ಅಜ್ಜಿ ಪಕ್ಕದಲ್ಲಿ ನಿಂತಿದ್ದಳು ಅಷ್ಟೆ. ಮೇಷ್ಟ್ರು "ಬಾಮ್ಮ" ಎಂದರು. ಎರಡನೇ ಬೆಂಚಿನ ಹುಡುಗಿಯೊಬ್ಬಳು ತನ್ನ ಬ್ಯಾಗನ್ನು ಎತ್ತಿ ಕೆಳಗಿಟ್ಟು ಜಾಗ ಮಾಡಿದಳು. ಚಂದನ ಒಳಗೆ ಹೋಗಿ ಕೂತಳು.

ಪುಟ್ಟಮಾದಮ್ಮ ಕಿಟಕಿಯ ಸರಳು ಹಿಡಿದು ನೋಡುತ್ತಲೇ ಇದ್ದಳು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಕೊನೆಗೆ ಚಂದನ ಪುಸ್ತಕದ ಮರೆಯಿಂದ ತಲೆಯೆತ್ತಿ, ಆ ದೊಡ್ಡ ಕಣ್ಣುಗಳನ್ನು ಇನ್ನೂ ದೊಡ್ಡದು ಮಾಡಿ, ಮಾನ ತೆಗೀಬೇಡ ಓಗಜ್ಜಿ ಎಂದು ಸದ್ದಿಲ್ಲದೆ ಗದರಿದಳು.

ಆ ಗದರಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡವಳಂತೆ ಪುಟ್ಟಮಾದಮ್ಮ ಬಸ್ ಸ್ಟ್ಯಾಂಡಿನ ಕಡೆ ಹೊರಟಳು.