ರೋವನ್ ಬುಡದಲ್ಲಿ ಹೆರೆಮಣೆ

ಎಲೆಯುದುರುವ ಕಾಲ. ಅಮೆರಿಕದ ಫೇರ್‌ಫ್ಯಾಕ್ಸಿನ ಆ ಬೀದಿಯಲ್ಲಿ ಬೆಳಿಗ್ಗೆಯಿಂದಲೂ ಎಲೆ ಗೋರುವ ಸದ್ದು. ವಿನೋದಾ ಮಾತ್ರ ಹೆರೆಮಣೆಯನ್ನು ಅಂಗಳಕ್ಕೆ ತಂದು, ಬಾಗಿಲ ಪಕ್ಕದ ರೋವನ್ ಮರದ ಬುಡದಲ್ಲಿ ಕೂತು ತೆಂಗಿನಕಾಯಿ ಹೆರೆಯುತ್ತಿದ್ದಳು. ಮರಕ್ಕೆ ಅವಳೇ ಕೆಂಪು ನೂಲು ಸುತ್ತಿದ್ದಳು. ಎದುರಿಗೆ ಮರ ಕಡಿಯುವವರ ಟ್ರಕ್ಕು ನಿಂತಿತ್ತು.

ಈ ವರ್ಷ ಮೊದಲ ಸಲ ಹಣ್ಣು ಬಿಟ್ಟದ್ದೇ ಮರದ ತಪ್ಪು. ಕೆಂಪು ಗೊಂಚಲಿಗೆ ಹಕ್ಕಿಗಳು ಬಂದವು, ಹಿಕ್ಕೆ ನೆರೆಯವರ ಕಾರುಗಳ ಮೇಲೆ ಬಿತ್ತು. ಬಡಾವಣೆಯ ಅಸೋಸಿಯೇಶನ್ನಿನ ಗ್ರೆಗ್ ಬಂದು ಕಡಿಸಬೇಕೆಂದ. ಅವಳ ಗಂಡ ರಘುಪತಿ ಹೂಂ ಎಂದುಬಿಟ್ಟಿದ್ದ.

"ಏಳು ಮಾರಾಯ್ತಿ, ಎಲ್ರೂ ನೋಡ್ತಿದ್ದಾರೆ" ಎಂದ ರಘುಪತಿ, ಬಾಗಿಲಲ್ಲಿ ನಿಂತು.

"ನೋಡ್ಲಿ. ಟಿಕೆಟ್ ಉಂಟಾ?"

"ಒಂದು ಮರಕ್ಕೆ ಇಷ್ಟು ಫೈಟ್ ಮಾಡ್ಬೇಕಾ?"

"ಮಾರ್ಗರೆಟ್ ಆಂಟಿಯ ಬೋಗುಣಿ ಇನ್ನೂ ನಮ್ಮಲ್ಲೇ ಉಂಟು. ಮರೆತ್ರಾ?"

ಕೋವಿಡ್ ಬಂದು ಇಬ್ಬರೂ ಮಲಗಿದ್ದಾಗ ಆಚೆ ಮನೆಯ ಆ ಮುದುಕಿ ನೀಲಿ ಬೋಗುಣಿಯ ತುಂಬ ಸೂಪ್ ತಂದು ಹೊಸ್ತಿಲಲ್ಲಿಟ್ಟಿದ್ದಳು. ಜೊತೆಗೆ ಈ ಮರದ ಗೇಣುದ್ದದ ಸಸಿ. ಹಣ್ಣಿನ ಕೆಂಪಿನಿಂದಲೇ ಇದಕ್ಕೆ ರೋವನ್ ಎಂಬ ಹೆಸರಂತೆ. ಸ್ಕಾಟ್ಲೆಂಡಿನ ಅವಳ ಅಜ್ಜಿ ಇದರ ಕಡ್ಡಿಗಳನ್ನು ಕೆಂಪು ನೂಲಿನಲ್ಲಿ ಬಿಗಿದು ಬಾಗಿಲಿಗೆ ಕಟ್ಟುತ್ತಿದ್ದಳಂತೆ, ಕೆಟ್ಟದ್ದು ಒಳಗೆ ಬಾರದ ಹಾಗೆ. ಮನೆ ಮುಂದಿನ ರೋವನ್ ಕಡಿಯಬಾರದು ಎಂದು ಕಿಟಕಿಯಾಚೆಯಿಂದಲೇ ಹೇಳಿ ಹೋಗಿದ್ದಳು.

ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಮೈಗೆ ತ್ರಾಣ ಬರಲಿ, ಪಾಯಸ ತುಂಬಿ ಕೊಡೋಣ ಎಂದು ವಿನೋದಾ ಕಾದಳು. ಅಷ್ಟರಲ್ಲಿ ಮಾರ್ಗರೆಟ್ ತೀರಿಕೊಂಡಳು.

ಗ್ರೆಗ್ ಹತ್ತಿರ ಬಂದು, ಎಷ್ಟು ಹೊತ್ತು ಕೂರುತ್ತೀರಿ, ಅಡಿಯಲ್ಲಿ ಜನ ಇದ್ದರೆ ಇವರು ಗರಗಸ ಹಚ್ಚುವುದಿಲ್ಲ ಎಂದ.

"ಹಾಗಾದ್ರೆ ಕೂತದ್ದು ಒಳ್ಳೇದಾಯ್ತು" ಎಂದು ವಿನೋದಾ ಇಂಗ್ಲಿಷಿನಲ್ಲೇ ಹೇಳಿದಳು. "ಇವತ್ತು ಕಾಯಿ ಹೆರೀಲಿಕ್ಕುಂಟು. ನಾಳೆ ಸೊಪ್ಪು ಬಿಡಿಸ್ಲಿಕ್ಕುಂಟು. ನನಗೆ ಕೆಲಸಕ್ಕೆ ಬರ ಇಲ್ಲ."

ರಘುಪತಿ ಒಳಗೆ ಹೋದ. ಬರುವಾಗ ಕೈಯಲ್ಲಿ ನೀಲಿ ಬೋಗುಣಿಯಿತ್ತು. ಗ್ರೆಗ್‌ಗೆ, "ನಾನು ಹೂಂ ಅಂದದ್ದನ್ನು ವಾಪಸ್ ತಗೊಂಡೆ" ಎಂದು ಹೇಳಿ, ಅವಳ ಪಕ್ಕ ನಿಂತು, ಗೊಂಚಲು ಬಗ್ಗಿಸಿ ಹಣ್ಣು ಬಿಡಿಸತೊಡಗಿದ. ಒಂದನ್ನು ಕಚ್ಚಿ ಮುಖ ಹಿಂಡಿದ.

"ಎಂತ ಕಹಿ ಮಾರಾಯ್ತಿ ಇದು!"

"ಹಾಗಲಕಾಯಿ ತಿನ್ನುವವರಿಗೆ ಇದೆಲ್ಲ ಎಂತದು? ಬೆಲ್ಲ ಹಾಕಿ ಬೇಯಿಸಿದ್ರೆ ಗೊಜ್ಜು."

ಟ್ರಕ್ಕು ಹೊರಟಿತು. ಸೋಮವಾರ ಮತ್ತೆ ಬರುತ್ತೇನೆ ಎಂದ ಗ್ರೆಗ್. ಬನ್ನಿ, ನಾನು ಇಲ್ಲೇ ಇರುತ್ತೇನೆ ಎಂದಳು ವಿನೋದಾ.

ಬೋಗುಣಿ ತುಂಬಿತು. ಒಯ್ದು ಕೊಡಲು ಆಚೆ ಮನೆಯಲ್ಲಿ ಯಾರೂ ಇರಲಿಲ್ಲ. ಅದನ್ನು ಬುಡದಲ್ಲೇ ಇಟ್ಟು, ಅವಳು ಇನ್ನೊಂದು ಕಾಯಿ ಒಡೆದಳು.