ಹುಳಿದಂಟಿನ ಕತ್ತಲಕೋಣೆ

ಗಂಡನ ಕಿವಿಯ ಹಿಂದೆ ಉಳಿದಿದ್ದ ಕೂದಲನ್ನು ಕತ್ತರಿಯ ತುದಿಯಿಂದ ಸವರಿ ತೆಗೆಯುತ್ತ, ಎದುರುಮನೆಯವಳು ಮಗಳ ಮದುವೆ ಮುಂದೂಡಿದ ಸುದ್ದಿಯನ್ನು ಅವಳು ಅವನಿಗೆ ಹೇಳುತ್ತಿದ್ದಳು. ಹೆಣ ಎತ್ತುವವರು ಆಗಲೇ ಬಂದು ಬಾಗಿಲಲ್ಲಿ ನಿಂತಿದ್ದರು. ತಂಗಿ ನೀರಿನ ಬಟ್ಟಲು ಹಿಡಿದುಕೊಂಡಿದ್ದಳು.

"ಅಕ್ಕಾ, ಸಾಕು. ಭಾವ ಇನ್ನು ಉತ್ತರ ಕೊಡಲ್ಲ."

"ಯಾವತ್ತು ಕೊಟ್ಟಿದ್ರು?" ಎಂದು ಅವಳು ಕತ್ತರಿ ಕೆಳಗಿಟ್ಟಳು.

ಮನೆಯ ಮುಂದಿನ ಕೋಣೆಯಲ್ಲೇ ಅವಳು ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಳು. ಬೀದಿಯ ಹೆಂಗಸರ ಜಡೆಗಳನ್ನೂ ಗುಟ್ಟುಗಳನ್ನೂ ಒಟ್ಟೊಟ್ಟಿಗೆ ಬಿಡಿಸಿದವಳು. ಎಲ್ಲರೂ ಅವಳನ್ನು ಎದುರಿಗೇ ರೇಡಿಯೋ ಎನ್ನುತ್ತಿದ್ದರು, ಅವಳೂ ನಗುತ್ತ ಓಗೊಡುತ್ತಿದ್ದಳು. ಗಂಡ ಬಸ್ ಡ್ರೈವರ್, ಬಾಯಿಬಿಟ್ಟರೆ ಮುತ್ತು ಉದುರೀತು ಎನ್ನುವಂಥ ಮನುಷ್ಯ. ಮೊನ್ನೆ ನಿದ್ದೆಯಲ್ಲೇ ಹೋದಾಗಲೂ ಒಂದು ಸದ್ದು ಮಾಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವನ ಬಸ್ಸಿನಲ್ಲಿ ವರ್ಷಗಟ್ಟಲೆ ಟಿಕೆಟ್ ಕೊಟ್ಟ ಕಂಡಕ್ಟರ್, ಒಳ್ಳೆಯ ಜೀವ, ಅತ್ತೂ ಅತ್ತೂ ಸಾಕಾಗಿ ಜನರನ್ನು ಕೊಂಚ ನಗಿಸಲು ಹೊರಟ.

"ಚಳಿಗಾಲ ಬಂತಂದ್ರೆ ಇವ್ನು ಹಿತ್ತಲ ಕತ್ತಲಕೋಣೇಲಿ ಕೂತಿದ್ದು ಡ್ಯೂಟಿಗೆ ಬರೋನು. ಒಳಗೆ ಏನ್ ಮಾಡ್ತೀಯೋ ಅಂದ್ರೆ ಬರೀ ನಗು. ರೇಡಿಯೋ ಆರಿಸೋಕಾಗಲ್ಲ, ಅದಕ್ಕೇ ಓಡಿಹೋಗ್ತಾನೆ ಅಂತ ನಾವೇ ಅಂದ್ಕೊಂಡ್ವಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಜೋರಾಗಿ. ಆದರೆ ಅವಳೊಳಗೆ ಎಷ್ಟೋ ವರ್ಷಗಳಿಂದ ಇದ್ದ ಅನುಮಾನವೂ ಅದೇ ಆಗಿತ್ತು. ತನ್ನ ಬಾಯಿಗೆ ಹೆದರಿಯೇ ಅವನು ಹಿತ್ತಲು ಸೇರುತ್ತಿದ್ದನೇ? ಒಂದು ದಿನವೂ ಕೇಳಲು ಧೈರ್ಯ ಬಂದಿರಲಿಲ್ಲ, ಇನ್ನು ಕೇಳೋಣವೆಂದರೆ ಅವನೇ ಇಲ್ಲ.

*

ವರ್ಷವರ್ಷವೂ ಬಿತ್ತುವ ತರಕಾರಿ ಅವನಿಗೆ ಸೇರುತ್ತಿರಲಿಲ್ಲ. ಒಮ್ಮೆ ನೆಟ್ಟರೆ ಮತ್ತೆ ಮತ್ತೆ ಬರುವಂಥವೇ ಅವನಿಗೆ ಬೇಕು. ಬುಡ ಒಡೆಯುತ್ತಲೇ ಹೋಗುವ ಈರುಳ್ಳಿ, ನೆಲದಿಂದ ಬೆರಳಿನಂತೆ ಏಳುವ ಶತಾವರಿ ಮೊಳಕೆ, ಎಲ್ಲಕ್ಕಿಂತ ಹೆಚ್ಚಾಗಿ ದಂಟನ್ನು ಬೇಯಿಸಿ ತಿನ್ನುವ ಕೆಂಪು ರೂಬಾರ್ಬ್. ಮನೆಯಲ್ಲಿ ಅದಕ್ಕೆ ಹುಳಿದಂಟು ಎಂದೇ ಹೆಸರು. ಆ ಬೆಟ್ಟದೂರಿನಲ್ಲಿ ಹಿಮ ಬಿದ್ದೊಡನೆ ಎಲ್ಲವೂ ಕರಗಿ ಹಿತ್ತಲು ಬರಿದಾಗುತ್ತಿತ್ತು. ಸುಡುಗಾಡಿನಂತಿದೆ ಎಂದು ಅವಳು ಗೊಣಗಿದರೆ, ಸತ್ತಿಲ್ಲ, ಮಲಗಿವೆ ಎನ್ನುತ್ತಿದ್ದ.

ಆಮೇಲೆ ಹುಳಿದಂಟಿನ ಒಂದಷ್ಟು ಗಡ್ಡೆಗಳನ್ನು ಕಿತ್ತು, ಹಿತ್ತಲ ಮೂಲೆಯ ಕೋಣೆಯೊಳಗೆ ಹಸಿಮಣ್ಣಲ್ಲಿ ಹೂಳುತ್ತಿದ್ದ. ಕಿಟಕಿಗೆ ಕರಿಬಟ್ಟೆ ಹೊದಿಸಿ, ಸಣ್ಣದೊಂದು ಒಲೆ ಇಡುತ್ತಿದ್ದ. ಬೆಳಕು ಕಾಣದೆ ಬೆಳೆದ ದಂಟು ಎಳೆಯದಾಗಿ, ಹುಳಿ ಕಡಿಮೆಯಾಗಿ ಬರುತ್ತದಂತೆ. ಆ ದಿನಗಳಲ್ಲಿ ಅವನು ಬಂದು ಅವಳ ಸೆರಗಿನ ತುದಿ ಎಳೆಯುವನು.

"ಬಾ, ಒಂಚೂರು ಕೂತ್ಕೋ."

ಅವಳು ಹೋಗುತ್ತಿದ್ದಳು. ಒಳಗಿದ್ದ ಹಲಗೆಯ ಮೇಲೆ ಅವನ ಪಕ್ಕ ಕುಳಿತು, ಯಾರು ತಲೆಗೆ ಬಣ್ಣ ಹಚ್ಚಿಸಿಕೊಂಡರು, ಯಾರ ಸೊಸೆ ತವರಿಗೆ ಹೋದಳು, ಎಲ್ಲವನ್ನೂ ಹೇಳಿ, ಈ ಕತ್ತಲಲ್ಲಿ ನೋಡುವುದಕ್ಕೆ ಏನಿದೆ ಎಂದು ಎದ್ದು ಬರುತ್ತಿದ್ದಳು. ಅವನು ಏನೂ ಅನ್ನುತ್ತಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಮತ್ತೆ ಬಂದು ಕರೆಯುತ್ತಿದ್ದ. ಈ ಸಲವೂ ಕರೆದಿದ್ದ, ಅವಳಿಗೆ ಅಂಗಡಿಯಲ್ಲಿ ಗಿರಾಕಿಗಳಿದ್ದರು.

*

ಜನರ ಕಣ್ಣು ತಪ್ಪಿಸಿ ಅವಳು ಹಿತ್ತಲಿಗೆ ಬಂದಳು. ಎಲ್ಲಿ ಹೋಗುವುದೆಂದು ತಿಳಿಯದೆ ಆ ಕೋಣೆಯೊಳಗೆ ಹೊಕ್ಕು ಬಾಗಿಲು ಮುಚ್ಚಿ, ಹಲಗೆಯ ಮೇಲೆ ಕುಸಿದಳು. ಅಳು ಬರಲಿಲ್ಲ, ಮಾತೂ ಬರಲಿಲ್ಲ. ಹುಟ್ಟಿದಾಗಿನಿಂದ ಇಷ್ಟು ಹೊತ್ತು ಅವಳು ಸುಮ್ಮನಿದ್ದದ್ದೇ ಇಲ್ಲ.

ಚಟ್.

ಇಲಿಯಿರಬೇಕು ಎಂದು ಕಾಲು ಮೇಲೆತ್ತಿದಳು. ಮತ್ತೆ ಅತ್ತ ಮೂಲೆಯಲ್ಲಿ ಚಟ್. ಆಮೇಲೆ ಹೊಸ ಚಪ್ಪಲಿ ಮೆಟ್ಟಿ ಯಾರೋ ಮೆಲ್ಲಗೆ ನಡೆದ ಹಾಗೆ ಕಿರ್ರ್ ಎಂದಿತು. ಅವಳು ತಡಕಾಡಿ, ಗೂಡಿನಲ್ಲಿದ್ದ ಮೋಂಬತ್ತಿ ಹಚ್ಚಿದಳು.

ನೆಲದ ತುಂಬ ಗುಲಾಬಿ ದಂಟುಗಳು ಎದ್ದು ನಿಂತಿದ್ದವು. ಕಾಲ ಬುಡದಲ್ಲೇ ಒಂದು ದಪ್ಪ ಮೊಗ್ಗು ಅವಳು ನೋಡುತ್ತಿದ್ದಂತೆಯೇ ಚಟ್ಟೆಂದು ಸಿಪ್ಪೆ ಒಡೆದು, ನೆರಿಗೆ ನೆರಿಗೆಯಾಗಿದ್ದ ಹಳದಿ ಎಲೆಯನ್ನು ಹೊರಗೆ ನೂಕಿತು. ಬೆಳೆಯುವುದಕ್ಕೂ ಒಂದು ಸದ್ದಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೆಳಕು ತಾಗಬಾರದೆಂದು ನೆನಪಾಗಿ ದೀಪ ಊದಿದಳು. ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು, ಆಮೇಲೆ ಕೋಣೆಗೆ ಕೋಣೆಯೇ ಒಡೆಯುತ್ತಿತ್ತು, ಏಳುತ್ತಿತ್ತು. ದೇವರೇ, ಇದನ್ನು ಕೇಳಿಸಲು ಕರೆಯುತ್ತಿದ್ದನೇ? ಬಾಯಿ ಮುಚ್ಚು ಎಂದು ಒಂದೇ ಒಂದು ಸಲ ಅಂದಿದ್ದರೆ ಅವಳಿಗೆ ಅಂದೇ ಕೇಳಿಸುತ್ತಿತ್ತು. ಅವಳ ಮಾತು ಮುಗಿಯಲಿ ಎಂದು ಆ ಪುಣ್ಯಾತ್ಮ ಅಷ್ಟು ಚಳಿಗಾಲ ಕಾದಿದ್ದ.

ಅವಳ ಕೆನ್ನೆ ಒದ್ದೆಯಾಯಿತು. ಬಿಕ್ಕಿದರೆ ಸದ್ದಾದೀತೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಾಗಿಲು ತೆರೆಯಿತು. "ಅಕ್ಕಾ, ಇಲ್ಲಿದ್ದೀಯಾ? ಎಲ್ಲಾರೂ ಹೊರಟ್ರು, ನೀನೊಬ್ಳೇ ಈ ಕತ್ತಲಲ್ಲಿ..."

ಅವಳು ತಂಗಿಯ ಕೈ ಹಿಡಿದೆಳೆದು ಹಲಗೆಯ ಮೇಲೆ ಕೂರಿಸಿದಳು. ಕಾಲಿನಿಂದ ಬಾಗಿಲು ದೂಡಿ, ಅವಳ ಬಾಯಿಯ ಮೇಲೆ ಅಂಗೈ ಇಟ್ಟಳು. ತಂಗಿ ಕೊಸರಾಡಿದಳು, ಏನೋ ಹೇಳಹೊರಟು ಅಂಗೈಗೆ ಬಿಸಿ ಉಸಿರು ಬಿಟ್ಟಳು. ಆಮೇಲೆ ಮೂಲೆಯಲ್ಲಿ ಚಟ್ ಎಂದಿತು, ಅವಳು ಒಮ್ಮೆಲೇ ಸ್ತಬ್ಧಳಾದಳು. ಅವಳ ಉಗುರುಗಳು ಅಕ್ಕನ ಮೊಣಕೈಗೆ ನಾಟಿದವು.