ಈರುಳ್ಳಿ ಸಿಪ್ಪೆಯ ಶಾಲು

ಅತ್ತೆ ಆ ಮಾತನ್ನು ಹೇಳಿದ್ದು ಬೆಳಗಿನ ಚಹಾದ ಹೊತ್ತಿನಲ್ಲಿ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ. "ಎದುರುಗಡೆ ವಾಚ್ ರಿಪೇರಿಯವರನ್ನ ನಾನು ಮದುವೆ ಆಗ್ತಾ ಇದೀನಿ. ಚಳಿ ಶುರುವಾಗೋದ್ರೊಳಗೆ ರಿಜಿಸ್ಟರ್ ಆಫೀಸಲ್ಲಿ ಸಹಿ ಹಾಕ್ತೀವಿ. ಆ ಜಾಮ್ ಇತ್ಲಾಗೆ ಕೊಡು."

ಮಗ ಜಾಮ್ ಕೊಡಲಿಲ್ಲ. ಚಹಾ ನೆತ್ತಿಗೇರಿ ಕೆಮ್ಮತೊಡಗಿದ. ಸೊಸೆಯೇ ಒಂದು ಕೈಯಿಂದ ಗಂಡನ ಬೆನ್ನು ತಟ್ಟುತ್ತಾ ಇನ್ನೊಂದು ಕೈಯಿಂದ ಜಾಮಿನ ಬಾಟಲಿಯನ್ನು ಅತ್ತೆಯ ಕಡೆ ಸರಿಸಿದಳು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಊರಿಗೆ ಊರೇ ಆಡಿದ ಮಾತನ್ನು ಆ ಕಿವಿಯಿಂದ ಈ ಕಿವಿಗೆ ದಾಟಿಸಿದ್ದರಿಂದಲೋ ಏನೋ, ತಮ್ಮ ಮಾತನ್ನು ಮಾತ್ರ ಚುಟುಕಾಗಿ ಮುಗಿಸುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ವಾಚ್ ರಿಪೇರಿಯವರೂ ಒಂಟಿ. ರಸ್ತೆಯ ಆಚೆ ಬದಿಯಲ್ಲಿ ಕೆಳಗೆ ಅವರ ಅಂಗಡಿ, ಮೇಲೆ ಮನೆ. ಅತ್ತೆಯ ಕೈಗಡಿಯಾರ ಇತ್ತೀಚೆಗೆ ಯಾಕೆ ಪದೇ ಪದೇ ಕೆಟ್ಟು ಹೋಗುತ್ತಿತ್ತು ಎಂಬುದು ಸೊಸೆಗೆ ಆವತ್ತು ಹೊಳೆಯಿತು.

ಮಗ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಒಳ್ಳೆಯವನೇ, ಆದರೆ ಮುನಿಸು ಬಂದರೆ ಬಾಯಿಗೆ ಬೀಗ. ಅಂದಿನಿಂದ ತಾಯಿಯ ಹತ್ತಿರ ಅವನ ಮಾತೆಲ್ಲ ಗ್ಯಾಸ್ ಮುಗಿಯಿತಾ, ಉಪ್ಪು ಸಾಕಾ ಎಂಬಲ್ಲಿಗೇ ನಿಂತುಹೋಯಿತು. ಸೊಸೆಗೆ ಸಂತೋಷವೇ ಆಗಿತ್ತು. ಆದರೂ ಅತ್ತೆ ಆಚೆ ಮನೆಗೆ ಹೋದಮೇಲೆ ತನ್ನ ಸಂಜೆ ಹೇಗೆಂಬ ಯೋಚನೆಯೂ ಹತ್ತಿತ್ತು. ಅವಳು ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಊರವರ ಬಟ್ಟೆಯ ಕಲೆ ತೆಗೆದು ಮನೆಗೆ ಬಂದರೆ, ಯಾವ ಕಲೆ ಯಾರ ಅಂಗಿಗೆ ಹೇಗೆ ಬಂದಿರಬಹುದೆಂಬ ಕಥೆಯನ್ನು ಕೇಳಿ ಬಿದ್ದು ಬಿದ್ದು ನಗಲು ಅತ್ತೆಯೊಬ್ಬರೇ ಇದ್ದದ್ದು.

"ನಂಗೆ ಒಡವೆ ಬೇಡ, ದೊಡ್ಡ ಊಟ ಬೇಡ," ಎಂದರು ಅತ್ತೆ. "ನೀನೊಂದು ಶಾಲು ಹೆಣೆದುಕೊಡು. ಅಷ್ಟು ಸಾಕು."

ಅಷ್ಟಕ್ಕೇ ಮುಗಿಯಲಿಲ್ಲ. ಶಾಲಿಗೊಂದು ಬಣ್ಣ ಬೇಕಲ್ಲ! ಉಣ್ಣೆ ಅಂಗಡಿಯಲ್ಲಿ ಅತ್ತೆ ಒಂದಾದಮೇಲೊಂದರಂತೆ ಕಪಾಟುಗಳನ್ನೇ ಖಾಲಿ ಮಾಡಿಸಿದರು. "ಇದು ರಸ್ತೆ ಅಗೆಯೋರ ಜಾಕೆಟ್ಟು. ಇದು ಆಫೀಸಿನ ಫೈಲು. ಇದು ಕಾಮಾಲೆ ಬಂದೋರ ಕಣ್ಣು."

"ಹಾಗಾದ್ರೆ ನಿಮಗೆ ಎಂಥ ಬಣ್ಣ ಬೇಕು ಅತ್ತೆ?"

"ಹಳದಿ ಅಲ್ಲ. ಕೇಸರಿನೂ ಅಲ್ಲ. ಎರಡರ ಮಧ್ಯೆ, ಸ್ವಲ್ಪ ಬೆಚ್ಚಗಿರೋದು. ನೋಡಿದ ತಕ್ಷಣ ಹೇಳ್ತೀನಿ."

ಅಂಗಡಿಯವನು ಹಣೆ ಒರೆಸಿಕೊಂಡು, ಬಣ್ಣವೇ ಹಾಕದ ಕೆನೆಬಿಳುಪಿನ ಉಣ್ಣೆ ಲಡಿಗಳ ಕಟ್ಟೊಂದನ್ನು ತಂದು ಮುಂದೆ ಕುಕ್ಕಿದ. "ಇದನ್ನ ತಗೊಂಡೋಗಿ, ನಿಮಗೆ ಬೇಕಾದ ಬಣ್ಣ ನೀವೇ ಹಾಕ್ಕೊಳ್ಳಿ ಅಮ್ಮಾ." ಅವನು ರೇಗಿ ಹೇಳಿದ್ದನ್ನು ಅತ್ತೆ ಒಳ್ಳೆಯ ಸಲಹೆಯೆಂದು ಭಾವಿಸಿ ಕಟ್ಟನ್ನು ಎತ್ತಿಕೊಂಡೇ ಬಂದರು.

ಮೊದಲ ಸರದಿ ಬೀಟ್‌ರೂಟಿನದು. ಪಾತ್ರೆಯಲ್ಲಿ ಬೇಯುತ್ತಿದ್ದ ಉಣ್ಣೆಯ ತುಂಡು ಎಷ್ಟು ಚೆಂದದ ಗುಲಾಬಿಯಾಯಿತೆಂದರೆ, "ಇದೇ ಇರ್ಲಿ ಬಿಡು, ನನ್ನ ಮನಸ್ಸು ಬದಲಾಯ್ತು" ಎಂದುಬಿಟ್ಟರು ಅತ್ತೆ. ತೊಳೆದ ನೀರಿನ ಜೊತೆ ಗುಲಾಬಿಯೂ ಮೋರಿ ಪಾಲಾಯಿತು. ಉಳಿದದ್ದು ಹಳೇ ಬ್ಯಾಂಡೇಜಿನ ಬಣ್ಣ. ಆಮೇಲೆ ಅರಿಸಿನ. ಅದು ಉಣ್ಣೆಗೂ ಹತ್ತಿತು, ಅಡುಗೆ ಕಟ್ಟೆಗೂ, ಸೌಟಿಗೂ, ಅತ್ತೆಯ ಕನ್ನಡಕದ ಕಡ್ಡಿಗೂ ಹತ್ತಿತು. ಕೆಲವು ದಿನ ಕಿಟಕಿಯ ಬಿಸಿಲಿಗಿಟ್ಟು ನೋಡಿದರೆ ಉಣ್ಣೆಯದು ಪೇಲವವಾಗಿ ಹೋಗಿತ್ತು. ಕಟ್ಟೆಯದು ಮಾತ್ರ ಜಪ್ಪಯ್ಯ ಅಂದರೂ ಕದಲಿರಲಿಲ್ಲ.

"ನಿಲ್ಲು ಅಂದಲ್ಲಿ ನಿಲ್ಲಲ್ಲ, ಹೋಗು ಅಂದಲ್ಲಿಂದ ಹೋಗಲ್ಲ," ಎಂದು ಅತ್ತೆ ಕಟ್ಟೆ ಉಜ್ಜುತ್ತಾ ಬೈದರು.

ಆ ಬೈಗುಳ ಸೊಸೆಯ ತಲೆಯಲ್ಲಿ ಕೂತಿತು. ಮರುದಿನ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಾಗ ಅವಳಿಗೆ ಅನ್ನಿಸಿತು: ತಾನು ಕಲಿತದ್ದೆಲ್ಲ ಬಣ್ಣ ಓಡಿಸುವ ಕೆಲಸ, ಸರಿ. ಆದರೆ ತನ್ನನ್ನೇ ಸೋಲಿಸಿದ ಕಲೆ ಯಾವುದು? ನೆನಪಾಯಿತು. ಒಬ್ಬ ತರಕಾರಿ ವ್ಯಾಪಾರಿಯ ಬಿಳಿ ಕೋಟು. ಮಳೆಯಲ್ಲಿ ನೆನೆದು, ಜೇಬಿನಲ್ಲಿ ತುಂಬಿಕೊಂಡಿದ್ದ ಈರುಳ್ಳಿ ಸಿಪ್ಪೆ ಬಣ್ಣ ಬಿಟ್ಟಿತ್ತು. ಸೋಪು, ನಿಂಬೆ, ಸುಡು ಬಿಸಿಲು, ಯಾವುದಕ್ಕೂ ಅದು ಜಗ್ಗಿರಲಿಲ್ಲ. ಅವಳು ಲಾಂಡ್ರಿಯ ಯಜಮಾನಿಯನ್ನು ಕೇಳಿದಳು. "ಮೊದಲು ಪಟಿಕದ ನೀರಲ್ಲಿ ಉಣ್ಣೆ ಬೇಯಿಸ್ಕೋ, ಆಮೇಲೆ ಬಣ್ಣಕ್ಕೆ ಹಾಕು, ಗಟ್ಟಿಯಾಗಿ ಕಚ್ಕೊಳ್ಳುತ್ತೆ," ಎಂದಳು ಆಕೆ. ಪಕ್ಕದ ಕ್ಷೌರದಂಗಡಿಯವನು ಗಲ್ಲಕ್ಕೆ ಉಜ್ಜುವ ಪಟಿಕದ ಗಡ್ಡೆಯೊಂದನ್ನು ಕೊಟ್ಟ.

ಮನೆಯಲ್ಲಿದ್ದ ಈರುಳ್ಳಿಯ ಸಿಪ್ಪೆಯನ್ನೆಲ್ಲ ಚಹಾ ಪಾತ್ರೆಯಲ್ಲಿ ಕುದಿಸಿ ಸೋಸಿ, ಪಟಿಕದಲ್ಲಿ ಬೆಂದ ಒಂದು ಸಣ್ಣ ತುಂಡನ್ನು ಅದರಲ್ಲಿ ಮುಳುಗಿಸಿದರು. ಹೊರಬಂದದ್ದು ಜೇನಿನ ಬಣ್ಣ. ತೊಳೆದರೂ ಹೋಗಲಿಲ್ಲ, ಹಿಂಡಿದರೂ ಹೋಗಲಿಲ್ಲ. ಅತ್ತೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹತ್ರ ಬಂತು ಕಣೇ. ಇನ್ನೂ ಒಂಚೂರು ಗಾಢ ಬೇಕು."

ಗಾಢವಾಗಬೇಕೆಂದರೆ ಉಣ್ಣೆಯಷ್ಟೇ ತೂಕದ ಸಿಪ್ಪೆ ಬೇಕು. ಸಿಪ್ಪೆಗೋ ತೂಕವೇ ಇಲ್ಲ. ಅತ್ತೆ ಕಂಡಕಂಡದ್ದಕ್ಕೆಲ್ಲ ಈರುಳ್ಳಿ ಹೆಚ್ಚಿ ಹಾಕತೊಡಗಿದರು. ಒಂದು ದಿನ ಜಾಮ್ ಸವರಿದ ಬ್ರೆಡ್ಡಿನ ಪಕ್ಕದಲ್ಲೂ ಈರುಳ್ಳಿ ಕಂಡಾಗ ಮಗ ತಾಯಿಯ ಮುಖ ನೋಡಿದ, ಬಾಯಿ ತೆರೆದ, ಮುಚ್ಚಿದ, ತಿಂದ. ಇಷ್ಟೆಲ್ಲ ಮಾಡಿಯೂ ಬುಟ್ಟಿಯ ತಳ ಮುಚ್ಚುವಷ್ಟು ಸಿಪ್ಪೆ ಸೇರಿರಲಿಲ್ಲ.

ಒಂದು ಸಂಜೆ ಅವನು ಕೆಲಸದಿಂದ ಬಂದವನು ತನ್ನ ಎದೆಯೆತ್ತರದ ಗೋಣಿಚೀಲವೊಂದನ್ನು ಅಡುಗೆಮನೆಯ ಬಾಗಿಲಿಗೆ ಒರಗಿಸಿದ. ಚೀಲ ಉಸಿರು ಬಿಟ್ಟಂತೆ ಬುಸ್ಸೆಂದಿತು. ಒಳಗೆ ಕಂದು ಬಣ್ಣದ, ಗರಿಗರಿ ಸಿಪ್ಪೆ.

"ಕ್ಯಾಂಟೀನಲ್ಲಿ ಹೇಗೂ ಬಿಸಾಕ್ತಿದ್ರು," ಎಂದು ಗೋಡೆಗೆ ಹೇಳಿ ಸ್ನಾನಕ್ಕೆ ಹೋದ.

ಅತ್ತೆ ಸೊಸೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಅತ್ತೆ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ಸಿಪ್ಪೆ ತೆಗೆದು, ಮತ್ತೆ ಮೆಲ್ಲಗೆ ಒಳಗೆ ಬಿಟ್ಟರು. "ಒಂದು ಕೊಳೆತದ್ದಿಲ್ಲ. ಆರಿಸಿ ಆರಿಸಿ ತುಂಬಿದಾನೆ ನೋಡು," ಎಂದರು. ಕಣ್ಣು ಒರೆಸಿಕೊಂಡರು. ಅದಕ್ಕೆ ಕಾರಣ ಈರುಳ್ಳಿಯಂತೂ ಇರಲಿಕ್ಕಿಲ್ಲ.

ಭಾನುವಾರ ಹಿತ್ತಲಲ್ಲಿ ಇಟ್ಟಿಗೆಯ ಒಲೆ ಹೂಡಿದರು. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿರಲಿಲ್ಲ. ವಾಚ್ ರಿಪೇರಿಯವರು, "ಅದು ನನ್ನ ಜವಾಬ್ದಾರಿ" ಎಂದು ಗುಜರಿ ಅಂಗಡಿಯಿಂದ ಒಂದು ಕಬ್ಬಿಣದ ಕಡಾಯಿಯನ್ನು ಹುಡುಕಿ, ತಾವೇ ತಿಕ್ಕಿ ಬೆಳಗಿ, ತಲೆಯ ಮೇಲೆ ಹೊತ್ತುಕೊಂಡು ಬಂದರು. ಕಡ್ಡಿಯಂಥ ಮನುಷ್ಯ. ವಾಚ್ ನೋಡುವ ಭೂತಗನ್ನಡಿ ಹಣೆಯ ಮೇಲೆ ಹಾಗೇ ಕೂತಿತ್ತು. ಸಿಪ್ಪೆಯ ನೀರು ಕುದಿಯಿತು, ಪಟಿಕದಲ್ಲಿ ಬೇಯಿಸಿಟ್ಟಿದ್ದ ಉಣ್ಣೆಯಲ್ಲಿ ಅರ್ಧ ಒಳಗೆ ಇಳಿಯಿತು. ಎಲ್ಲರೂ ಬಗ್ಗಿ ನಿಂತರು.

ಬಣ್ಣ ಮೊದಲು ಹೊನ್ನಿನಂತೆ ಏರಿತು. ಆಮೇಲೆ ಮಂಕಾಯಿತು. ನೋಡನೋಡುತ್ತಿದ್ದಂತೆ ಕಂದಾಗಿ, ಪಾಚಿ ಬಣ್ಣವಾಗಿ, ಕೊನೆಗೆ ಹಳೇ ಮಿಲಿಟರಿ ಲಾರಿಯ ಹಸಿರಿಗೆ ಬಂದು ನಿಂತಿತು. ವಾಚ್ ರಿಪೇರಿಯವರು ಕಲಕುತ್ತಿದ್ದ ಕೋಲನ್ನು ಕೆಳಗಿಟ್ಟರು. "ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸೋನು ನಾನು. ಒಂದು ಪಾತ್ರೆ ಸರಿಯಾಗಿ ತರೋಕಾಗ್ಲಿಲ್ಲ ನೋಡಿ."

ವಾಸನೆ ಹಿಡಿದು ಮಗ ಹೊರಗೆ ಬಂದ. ಕಡಾಯಿಯೊಳಗೆ ಇಣುಕಿದ. "ಯಾರು ಇದನ್ನ ಕಬ್ಬಿಣಕ್ಕೆ ಹಾಕಿದ್ದು?"

"ನಾನೇ ತಂದದ್ದಪ್ಪ," ಎಂದರು ವಾಚ್ ರಿಪೇರಿಯವರು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ.

ಮಗನಿಗೆ ನಗು ತಡೆಯಲಾಗಲಿಲ್ಲ. ಮೂಗಿನಲ್ಲಿ ಶುರುವಾಗಿ ಹೊಟ್ಟೆಗಿಳಿದು, ಅವನು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂರುವಂತಾಯಿತು. "ಇಂಥಾದ್ದೆಲ್ಲ ಕಬ್ಬಿಣದಲ್ಲಿ ಬೆಂದ್ರೆ ಕಪ್ಪಾಗದೆ ಇನ್ನೇನಾಗುತ್ತೆ? ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ನಾನೂ ಕಬ್ಬಿಣದ ಕಡಾಯೀಲಿ ಚಹಾ ಕಾಸಿದ್ದೆ. ಇಡೀ ಕಾರ್ಖಾನೆ ಅವತ್ತು ಶಾಯಿ ಕುಡೀತು!" ಇಷ್ಟೊಂದು ಮಾತಾಡಿಬಿಟ್ಟೆನಲ್ಲ ಎಂಬುದು ಅವನಿಗೇ ಆಮೇಲೆ ಗೊತ್ತಾಯಿತೆನ್ನಿಸುತ್ತದೆ. ಎದ್ದು ಪ್ಯಾಂಟಿನ ಧೂಳು ಕೊಡವಿದ. "ಕ್ಯಾಂಟೀನಲ್ಲಿ ದೊಡ್ಡ ಸ್ಟೀಲ್ ಪಾತ್ರೆ ಇದೆ. ಒಬ್ಬನೇ ಸ್ಕೂಟರಲ್ಲಿ ತರೋಕಾಗಲ್ಲ. ಬರ್ತೀರಾ?"

ವಾಚ್ ರಿಪೇರಿಯವರು ಚಪ್ಪಲಿ ಹುಡುಕುವುದನ್ನೂ ಮರೆತು ಹೊರಟರು.

ಅವರು ವಾಪಸ್ ಬರುವುದನ್ನು ಬೀದಿಯವರೆಲ್ಲ ನೋಡಿದರು. ಹಿಡಿದುಕೊಳ್ಳಲು ಬೇರೆ ದಾರಿಯಿಲ್ಲದೆ ಹಿಂದೆ ಕೂತವರು ಪಾತ್ರೆಯನ್ನು ಬೋರಲು ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದರು. ಭುಜದ ತನಕ ಸ್ಟೀಲು, ಕೆಳಗೆ ಬರಿಗಾಲು. ಮಗ ನಗುತ್ತಲೇ ಸ್ಕೂಟರ್ ನಿಲ್ಲಿಸಿದ.

ದಾರಿಯಲ್ಲಿ ಏನಾಯಿತೆಂದು ಸೊಸೆಗೆ ಆಮೇಲೆ ಗಂಡನೇ ಹೇಳಿದ. ಸಿಗ್ನಲ್ಲಿನಲ್ಲಿ ನಿಂತಾಗ, ತಿರುಗಿ ನೋಡುವುದಕ್ಕೂ ಆಗದಿದ್ದರಿಂದಲೇ ಅವನಿಗೆ ಕೇಳುವ ಧೈರ್ಯ ಬಂತಂತೆ. "ನಮ್ಮನೇಲಿ ಅಮ್ಮಂಗೆ ನಾವೇನು ಕಮ್ಮಿ ಮಾಡಿದ್ವಿ?"

"ಏನೂ ಇಲ್ಲಪ್ಪ," ಎಂದಿತಂತೆ ಪಾತ್ರೆಯೊಳಗಿನ ದನಿ. "ನಿಮ್ಮಿಬ್ಬರ ಮೇಲೆ ಅವರ ಬಾಯಲ್ಲಿ ಒಂದು ದೂರು ಕೇಳಿಲ್ಲ ನಾನು. ಆದ್ರೆ ಅವರು ಬಂದು ಅಂಗಡೀಲಿ ಕೂತ್ರೆ ನಂಗೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಸುತ್ತ ಅಷ್ಟೊಂದು ಗಡಿಯಾರ ನೇತಾಕ್ಕೊಂಡು ಕೂತಿರೋನಿಗೆ!"

ಪಾತ್ರೆಯೊಳಗೆ ಆ ಮಾತು ಎಷ್ಟು ಗಟ್ಟಿಯಾಗಿ ಮೊಳಗಿತೆಂದರೆ ಸಿಗ್ನಲ್ಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರಂತೆ. ಇವನು "ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಷ್ಟೇ ಹೇಳಿ ಗಾಡಿ ಬಿಟ್ಟನಂತೆ.

ಎರಡನೇ ಸಲ ಮಿಕ್ಕ ಸಿಪ್ಪೆ, ಮಿಕ್ಕ ಉಣ್ಣೆ; ಯಜಮಾನಿಕೆ ಪೂರಾ ಸೊಸೆಯದು. ಉರಿ ಸಣ್ಣಗಿರಬೇಕು, ಉಣ್ಣೆಯನ್ನು ಕಲಕಬಾರದು, ಮೆಲ್ಲಗೆ ಒತ್ತಬೇಕು. ಬಣ್ಣ ಏರಿದ ಮೇಲೂ ಅವಳು ಪಾತ್ರೆ ಮುಟ್ಟಲು ಬಿಡಲಿಲ್ಲ. "ತಾನಾಗಿ ಆರಬೇಕು. ಬಿಸಿಯಿಂದ ಸೀದಾ ತಣ್ಣೀರಿಗೆ ಹಾಕಿದ್ರೆ ಮುದುರಿಕೊಂಡು, ನಿಮ್ಮ ಶಾಲು ಮಗುವಿನ ಟೋಪಿ ಆಗುತ್ತೆ." ಅತ್ತೆ ಮುಚ್ಚಳದ ಸುತ್ತ ಬೆಕ್ಕಿನಂತೆ ಸುಳಿದಾಡಿದರು. ಸೊಸೆ ಮುಚ್ಚಳದ ಮೇಲೆ ಇಟ್ಟಿಗೆ ಹೇರಿದಳು.

ಮರುದಿನ ತೊಳೆದು ಹಗ್ಗಕ್ಕೆ ಹಾಕಿದ ಲಡಿಗಳು ಸಂಜೆಗೆ ಒಣಗಿದವು. ಅತ್ತೆ ಒಂದು ಲಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತರು. "ಇದೇ," ಎಂದರು. ಅಷ್ಟೇ. ಸೊಸೆ ಅವರ ಹೆಗಲ ಮೇಲಿಂದ ನೋಡಿದಳು. ಹೊರಗೆ ಕತ್ತಲು ಇಳಿಯುತ್ತಿತ್ತು. ರಸ್ತೆಯಾಚೆ ವಾಚ್ ಅಂಗಡಿಯಲ್ಲಿ ಆಗಷ್ಟೇ ದೀಪ ಹತ್ತಿತ್ತು. ಹಳೇ ಬಲ್ಬು, ಧೂಳು ಹಿಡಿದ ಗಾಜು, ಅದರ ಹಿಂದೆ ಬೆಚ್ಚನೆಯ ಬೆಳಕು. ಸೊಸೆ ಲಡಿಯನ್ನು ನೋಡಿದಳು, ಅಂಗಡಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು.

"ಅತ್ತೆ! ಉಣ್ಣೆ ಅಂಗಡಿಯವನನ್ನ ಸುಮ್ನೆ ಗೋಳು ಹುಯ್ಕೊಂಡ್ರಲ್ಲ. ಎದುರುಗಡೆ ಬಲ್ಬಿನ ಬಣ್ಣ ಬೇಕು ಅಂತ ಮೊದಲೇ ಹೇಳಬಾರದಿತ್ತಾ?"

"ಬಾಯ್ ಮುಚ್ಕೊಂಡು ಉಂಡೆ ಸುತ್ತು," ಎಂದರು ಅತ್ತೆ. ಕಿವಿಗಳು ಕೆಂಪಾಗಿದ್ದವು.

ಸೊಸೆ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಒಲೆಯ ಮೇಲೆ ಹಾಲಿಟ್ಟು ಕಾಯುವಾಗ, ಎಲ್ಲೆಂದರಲ್ಲಿ ಹೆಣೆದಳು. ಜೇನುಬಣ್ಣದ ಉಣ್ಣೆ ಒಂದಿಷ್ಟು ಕಮ್ಮಿ ಬಿದ್ದದ್ದರಿಂದ ಶಾಲಿನ ಅಂಚಿಗೆ ಲಾರಿ ಹಸಿರನ್ನೇ ಹಾಕಿದಳು. ಹಾಕಿ ನೋಡಿದರೆ ಅದು ಬೇಕೆಂದೇ ಮಾಡಿದಂತೆ ಒಪ್ಪಿತು. ಮಿಕ್ಕ ಹಸಿರಿನಲ್ಲಿ ಮದುಮಗನಿಗೊಂದು ಮಫ್ಲರ್ ಆಯಿತು. ಅದನ್ನು ಕತ್ತಿಗೆ ಸುತ್ತಿಕೊಂಡ ಮೇಲೆ ಆ ಮನುಷ್ಯ ಸ್ನಾನಕ್ಕಾದರೂ ತೆಗೆದರೋ ಇಲ್ಲವೋ ಅನುಮಾನ.

ರಿಜಿಸ್ಟರ್ ಆಫೀಸಿನಲ್ಲಿ ಅಧಿಕಾರಿ, "ಸಾಕ್ಷಿ ಯಾರು?" ಎಂದಾಗ ಎಲ್ಲರಿಗಿಂತ ಮೊದಲು ಎದ್ದವನು ಮಗ.

"ನೀವು ಏನಾಗಬೇಕು?"

"ಅವರಿಗೆ ಮಗ," ಎಂದು ತಾಯಿಯನ್ನು ತೋರಿಸಿದ. ವಾಚ್ ರಿಪೇರಿಯವರ ಕಡೆ ನೋಡಿ ತಲೆ ಕೆರೆದುಕೊಂಡ. "ಇವರಿಗೆ ಏನಾಗಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ ಸಾರ್."

"ಡ್ರೈವರ್ ಅಂತ ಬರ್ಕೊಳ್ಳಿ," ಎಂದರು ವಾಚ್ ರಿಪೇರಿಯವರು. ಅಧಿಕಾರಿಗೂ ನಗು ಬಂತು.

ವಾಪಸ್ ನಡೆದೇ ಬಂದರು. ಗಾಳಿ ಚುರುಕಾಗಿತ್ತು, ಅತ್ತೆ ಶಾಲನ್ನು ಮೂಗಿನ ತನಕ ಎಳೆದುಕೊಂಡಿದ್ದರು. ಅಧಿಕಾರಿಯ ಪೆನ್ನು ಸಹಿ ಹಾಕುವ ಹೊತ್ತಿಗೇ ಕೈಕೊಟ್ಟದ್ದನ್ನು ವರ್ಣಿಸುತ್ತಾ ಬೀದಿಗೆ ತಿರುಗಿದರು. ಮಾತಿನ ಭರದಲ್ಲಿ ಎಂದಿನಂತೆ ಹಳೇ ಮನೆಯ ಮೆಟ್ಟಿಲು ಹತ್ತಿ, ಚೀಲದಲ್ಲಿ ಬೀಗದ ಕೈ ಹುಡುಕತೊಡಗಿದರು. ವಾಚ್ ರಿಪೇರಿಯವರು ರಸ್ತೆಯ ನಡುವೆಯೇ ನಿಂತುಬಿಟ್ಟರು, ಕರೆಯಬೇಕೋ ಬೇಡವೋ ಗೊತ್ತಾಗದೆ.

"ಅಮ್ಮ," ಎಂದ ಮಗ ಮೆಲ್ಲಗೆ. "ಆ ಕಡೆ."

ಅತ್ತೆ ತಿರುಗಿದರು. ಮೂವರನ್ನೂ ನೋಡಿದರು. "ಗೊತ್ತು ಗೊತ್ತು. ಗಿಡಕ್ಕೆ ನೀರು ಹಾಕಿ ಹೋಗೋಣ ಅಂತ ಬಂದೆ."

"ನೀರು ನಾನು ಹಾಕ್ತೀನಿ ಅತ್ತೆ," ಎಂದಳು ಸೊಸೆ. "ನೀವು ಹೋಗಿ ಚಹಾಕ್ಕಿಡಿ. ನಾವು ಈಗಲೇ ಬಂದ್ವಿ."

ಅತ್ತೆ ಮೆಟ್ಟಿಲಿಳಿದು, ಗಾಡಿಯೊಂದು ಹೋಗುವ ತನಕ ಕಾದು, ರಸ್ತೆ ದಾಟಿದರು. ಸೊಸೆ ಬಕೆಟ್ ತುಂಬಿಸಿಕೊಂಡು ಗಿಡಗಳ ಬುಡಕ್ಕೆ ಒಂದೊಂದೇ ಚೊಂಬು ಹೊಯ್ದಳು. ಎದುರು ಮನೆಯ ಮೇಲಿನ ಕಿಟಕಿ ಆಗಲೇ ತೆರೆದಿತ್ತು. ಸಕ್ಕರೆ ಡಬ್ಬಿಯನ್ನು ಇಂಥ ಜಾಗದಲ್ಲಿ ಯಾರಾದರೂ ಇಡುತ್ತಾರಾ ಎಂದು ಅತ್ತೆ ಕೇಳುತ್ತಿದ್ದದ್ದು ಈಚೆ ಬದಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.